ಮಾದಪ್ಪನ ದಾರಿಯಲ್ಲಿ ಒಂದು ಹಗಲು

ಹೊರಡುವ ಹಿಂದಿನ ರಾತ್ರಿ ಮಾವ ನನ್ನ ಬ್ಯಾಗನ್ನು ಜಗಲಿಯ ಮೇಲೆ ಸುರಿದರು. ಸ್ಲೀಪಿಂಗ್ ಬ್ಯಾಗು, ಎರಡು ಜೊತೆ ದಪ್ಪ ಪ್ಯಾಂಟು, ಗಾಳಿ ತುಂಬುವ ದಿಂಬು, ಪವರ್ ಬ್ಯಾಂಕು, ಬಿಸ್ಕತ್ತಿನ ಪೊಟ್ಟಣಗಳು, ಮೂರು ದೊಡ್ಡ ನೀರಿನ ಬಾಟಲಿ. ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿ ಒಂದೇ ಮಾತು ಕೇಳುತ್ತಿದ್ದರು: "ಇದು ಇನ್ಯಾರ್ಗಾದ್ರೂ ಆಯ್ತದಾ?"

ದಿಂಬು ಇನ್ಯಾರಿಗೂ ಆಗದು, ಪಕ್ಕಕ್ಕೆ ಹೋಯಿತು. ಪವರ್ ಬ್ಯಾಂಕು ಹತ್ತು ಜನಕ್ಕೆ ಆಗುತ್ತದೆ, ಒಳಗೆ ಬಂತು. ಸ್ಲೀಪಿಂಗ್ ಬ್ಯಾಗಿನ ಜಾಗಕ್ಕೆ ಹಳೆಯ ಜಮಖಾನ ಬಂತು. ಹಾಸಿದರೆ ಮೂರು ಜನ ಮಲಗಬಹುದು. ಬಿಸ್ಕತ್ತಿನ ಬದಲು ಅತ್ತೆ ರಾಗಿ ಹುರಿಹಿಟ್ಟಿನ ಗಂಟು ಕೊಟ್ಟರು. ಹನ್ನೊಂದು ಕಿಲೋ ತೂಗುತ್ತಿದ್ದ ಬ್ಯಾಗು ನಾಲ್ಕು ಕಿಲೋಗೆ ಇಳಿಯಿತು. ಕೊನೆಗೆ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ತಂದಿಟ್ಟು, "ಇವು ನಿಂಗೊಬ್ಬನ್ಗೇ ಆಗೋವು, ಆದ್ರೂ ಇರ್ಲಿ" ಅಂದರು. ಯಾಕೆ ಎಂದು ನಡಿಗೆಯ ಎರಡನೇ ದಿನ ಕಾಡಿನಲ್ಲಿ ಗೊತ್ತಾಯಿತು.

ಮಾವ ಕನಕಪುರದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಬೆಳೆಯುವವರು. ಮೂವತ್ತು ವರ್ಷದಿಂದ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ, ಅಂದರೆ ಮಲೆ ಮಹದೇಶ್ವರ ಬೆಟ್ಟಕ್ಕೆ, ನಡೆದೇ ಹೋಗುತ್ತಾರೆ. ಅದಕ್ಕೆ ಹೊಂದುವಂತೆ ಒಂದು ತಿಂಗಳ ಮುಂಚೆಯೇ ಚಾಕಿ, ಅಂದರೆ ಎಳೆಯ ರೇಷ್ಮೆಹುಳು, ತರುತ್ತಾರೆ. ಹುಳು ನಾಲ್ಕನೇ ಜ್ವರ ಎದ್ದು, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹಾಕಿ ಬಂದ ಮೇಲೆಯೇ ಮಾದಪ್ಪನ ದಾರಿ. ಹುಳು ಸೊಪ್ಪು ತಿನ್ನುವ ಹೊತ್ತಿನಲ್ಲಿ ಮನೆ ಬಿಟ್ಟು ಯಾವ ರೈತನೂ ಕದಲಲಾರ.

ಬೆಂಗಳೂರಿನವರಿಗೆ ರಾಮನಗರ, ಮಾಗಡಿ, ಚನ್ನಪಟ್ಟಣ, ಕನಕಪುರ ಈ ನಾಲ್ಕು ತಾಲ್ಲೂಕುಗಳ ಬೆಟ್ಟಗಳು ಚೆನ್ನಾಗಿ ಗೊತ್ತು. ಭಾನುವಾರ ಬೆಳಗ್ಗೆ ಸಾವನದುರ್ಗ ಹತ್ತುತ್ತಾರೆ, ರಾಮದೇವರ ಬೆಟ್ಟ ಹತ್ತುತ್ತಾರೆ, ಕಬ್ಬಾಳದುರ್ಗಕ್ಕೆ ಹೋಗುತ್ತಾರೆ, ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರುತ್ತಾರೆ. ಆದರೆ ಇದೇ ತಾಲ್ಲೂಕುಗಳ ಜನ ಹಲವು ತಲೆಮಾರುಗಳಿಂದ ದಿನಗಟ್ಟಲೆ ನಡೆದು, ಹೊಳೆ ದಾಟಿ, ಆನೆ ಕಾಡು ಹಾಯ್ದು, ಏಳುಮಲೆ ಎಪ್ಪತ್ತೇಳು ಮಲೆ ಎಂದು ಹೆಸರಾದ ಬೆಟ್ಟಸಾಲಿನೊಳಗೆ ಹೋಗಿ ಬರುತ್ತಿದ್ದಾರೆ. ಅದನ್ನು ಯಾರೂ ಟ್ರೆಕ್ಕಿಂಗ್ ಎಂದು ಕರೆದಿಲ್ಲ, ಹರಕೆ ಎಂದಷ್ಟೇ ಕರೆದಿದ್ದಾರೆ. ಭಕ್ತಿಯ ಮಾತನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಈ ನಡಿಗೆಯೊಳಗೆ ದೂರದ ಬೆಟ್ಟದ ದಾರಿ ನಡೆಯುವ ಒಂದು ಪೂರ್ತಿ ವಿದ್ಯೆ ಇದೆ. ಏನು ಹೊರಬೇಕು, ಯಾವಾಗ ನಡೆಯಬೇಕು, ಕಾಲನ್ನು ಹೇಗೆ ಕಾಯಬೇಕು ಎನ್ನುವುದೆಲ್ಲ ಅದರಲ್ಲಿ ಸೇರಿದೆ. ಅದನ್ನು ವಿದ್ಯೆಯೆಂದೇ ನೋಡಬೇಕು ಎಂಬುದು ನನ್ನ ಆಸೆ. ಅದಕ್ಕಾಗಿ ಆ ದಾರಿಯ ಒಂದೇ ಒಂದು ಹಗಲನ್ನು ಇಲ್ಲಿ ಹೇಳುತ್ತೇನೆ. ಅದು ಎರಡನೇ ದಿನ, ಸಂಗಮದಿಂದ ಶಾಗ್ಯದವರೆಗೆ.

ಮೊದಲ ದಿನದ ಬಗ್ಗೆ ಹೇಳುವುದು ಕಡಿಮೆ. ಕನಕಪುರದಿಂದ ದೊಡ್ಡಆಲಹಳ್ಳಿ ಮಾರ್ಗವಾಗಿ ಸಂಗಮಕ್ಕೆ ಸುಮಾರು 35 ಕಿಲೋಮೀಟರ್ ಡಾಂಬರು ರಸ್ತೆ. ಬೆಟ್ಟಕ್ಕೆ ಹೊರಟವರು ಮೊದಲು ಇಳಿಯಬೇಕು ಎನ್ನುವುದು ಈ ದಾರಿಯ ವಿಶೇಷ. ಕನಕಪುರ ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದಲ್ಲಿದೆ. ಕಾವೇರಿಯ ಪಾತ್ರ ಅದಕ್ಕಿಂತ ಬಹಳ ತಗ್ಗಿನಲ್ಲಿದೆ. ಅಲ್ಲಿಂದ ಮತ್ತೆ ಹತ್ತುತ್ತಾ ಹತ್ತುತ್ತಾ ಸುಮಾರು 3,200 ಅಡಿ ಎತ್ತರದ ಮಾದಪ್ಪನ ಬೆಟ್ಟ ಸೇರಬೇಕು. ಹತ್ತುವುದು ಎದೆಗೆ ಕಷ್ಟ, ಇಳಿಯುವುದು ಮಂಡಿಗೆ ಕಷ್ಟ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕಾಗುತ್ತದೆ. ಅದಕ್ಕೇ ಮಾರನೇ ದಿನ ತೊಡೆ ಕಲ್ಲಾಗಿರುತ್ತದೆ. ಮಾವ ಎಲ್ಲರ ಕೈಗೂ ಬಿದಿರು ಕೋಲು ಕೊಟ್ಟಿದ್ದು ಏರಿಗಲ್ಲ, ಈ ಇಳಿಜಾರಿಗೆ.

ಎರಡನೇ ದಿನ ಬೆಳಗಿನ ಜಾವ ಸಂಗಮದ ದಂಡೆಯಲ್ಲಿ ಎದ್ದಾಗ ನಮ್ಮ ಹದಿನಾಲ್ಕು ಜನರ ಸುತ್ತ ನೂರಾರು ಜನ ಮಲಗಿದ್ದರು. ಚನ್ನಪಟ್ಟಣದವರು ಸಾತನೂರಿನ ಕಡೆಯಿಂದ ಬಂದು ಸೇರಿದ್ದರು. ಮಾಗಡಿಯವರು ನಮಗಿಂತ ಎರಡು ದಿನ ಮೊದಲೇ ಮನೆ ಬಿಟ್ಟಿದ್ದರು. ಇಲ್ಲಿ ನಂದಿ ಬೆಟ್ಟದಲ್ಲಿ ಹುಟ್ಟಿ ರಾಮನಗರ, ಕನಕಪುರಗಳನ್ನು ಹಾಯ್ದು ಬರುವ ಅರ್ಕಾವತಿ ಕಾವೇರಿಗೆ ಸೇರುತ್ತದೆ. ಸ್ವಲ್ಪ ಕೆಳಗೆ ಹೋದರೆ ಅದೇ ಕಾವೇರಿ ಮೇಕೆದಾಟಿನ ಇರುಕಿನಲ್ಲಿ ಮೈ ಹಿಂಡಿಕೊಂಡು ನುಗ್ಗುತ್ತದೆ. ಸಂಗಮದಲ್ಲಿ ಮಾತ್ರ ಹೊಳೆ ಅಗಲವಾಗಿ ಹರಡಿಕೊಂಡಿದೆ. ಅಗಲವಾದಷ್ಟೂ ಆಳ ಕಡಿಮೆ. ದಾಟುವ ಜಾಗವಾಗಿ ಹಿರಿಯರು ಇದನ್ನು ಆರಿಸಿಕೊಂಡದ್ದು ಅದಕ್ಕೇ ಇರಬೇಕು.

ಆದರೂ ಇದು ನಂಬುವ ನೀರಲ್ಲ. ಮೇಲುಗಡೆ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ತಯಾರಾಗುತ್ತಿದೆ. ಇನ್ನೂ ಮೇಲೆ ಕನ್ನಂಬಾಡಿ, ಕಬಿನಿ ಕಟ್ಟೆಗಳಿವೆ. ಅಲ್ಲಿ ಬಿಟ್ಟ ನೀರು ಇಲ್ಲಿಗೆ ಬರಲು ಹೊತ್ತು ಹಿಡಿಯುತ್ತದೆ. ಇಲ್ಲಿ ಆಕಾಶ ತಿಳಿಯಾಗಿದ್ದರೂ ಹೊಳೆ ಏರಬಹುದು. ಸಂಗಮ ಮತ್ತು ಮೇಕೆದಾಟಿನಲ್ಲಿ ಈಜಲು ಇಳಿದು ಸತ್ತವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ವರ್ಷ ವರ್ಷವೂ ಬರುತ್ತದೆ. ಮಾವ ರಾತ್ರಿ ಮಲಗುವ ಮುಂಚೆ ನೀರಿನಂಚಿನ ಬಂಡೆಯೊಂದಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಬೆಳಗ್ಗೆ ಟಾರ್ಚು ಹಿಡಿದು ನೋಡಿ, ಗೆರೆ ನೀರಿನ ಮೇಲೆಯೇ ಇರುವುದು ಕಂಡ ಮೇಲಷ್ಟೇ "ಏಳ್ರಪ್ಪ" ಅಂದರು.

ದಾಟಲು ಹಗ್ಗ ಕಟ್ಟಿದ್ದರು. ವಯಸ್ಸಾದವರಿಗೆ, ಮಕ್ಕಳಿಗೆ ತೆಪ್ಪ ಇತ್ತು. ನೀರು ಮೊದಲು ಮೊಣಕಾಲಿಗೆ, ನಡುಹೊಳೆಯಲ್ಲಿ ಸೊಂಟಕ್ಕೆ ಬಂತು. ಕೆಳಗೆ ಪಾಚಿ ಕಟ್ಟಿದ ಗುಂಡುಗಳು. ಕೋಲನ್ನು ಹರಿವಿನ ಎದುರಿಗೆ ಊರಬೇಕು, ಒಂದು ಕಾಲು ಗಟ್ಟಿಯಾದ ಮೇಲಷ್ಟೇ ಇನ್ನೊಂದನ್ನು ಎತ್ತಬೇಕು. "ನೀರು ನೋಡ್ಬೇಡ ಕಣಪ್ಪ, ಆಚೆ ದಡ ನೋಡು" ಎಂದು ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು. ನಿಜ, ಹರಿಯುವ ನೀರನ್ನೇ ನೋಡುತ್ತಿದ್ದರೆ ನಾವೇ ಪಕ್ಕಕ್ಕೆ ಸರಿಯುತ್ತಿದ್ದೇವೆ ಎನ್ನಿಸಿ ತಲೆ ತಿರುಗುತ್ತದೆ. ಆಚೆ ದಡದ ಹೊಳೆಮತ್ತಿ ಮರಗಳ ಬಿಳಿ ಕಾಂಡ ಬೆಳಕಿಗೆ ಬರುತ್ತಿತ್ತು. ಅದನ್ನೇ ನೋಡುತ್ತಾ ದಾಟಿದೆ.

ಈ ದಡಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಮೇಕೆದಾಟಿನ ಬಳಿ ಕಟ್ಟಬೇಕೆಂದಿರುವ 67.16 ಟಿಎಂಸಿ ಅಡಿ ಸಾಮರ್ಥ್ಯದ ಜಲಾಶಯ ಬಂದರೆ ಸುಮಾರು 5,000 ಹೆಕ್ಟೇರ್ ಮುಳುಗುತ್ತದೆ. ಅದರಲ್ಲಿ ಬಹುಪಾಲು ಕಾಡು. ಸಂಗಮವೂ ನೀರಿನೊಳಗೆ ಹೋಗುತ್ತದೆ. ಬೆಂಗಳೂರಿನ ಕುಡಿಯುವ ನೀರಿನ ಕಷ್ಟ ನನಗೂ ಗೊತ್ತು, ನಾನೂ ಅದೇ ಊರಿನ ನಲ್ಲಿ ನೀರು ಕುಡಿಯುವವನು. ಆದರೆ ಮುಳುಗಡೆಯ ಲೆಕ್ಕದಲ್ಲಿ ಮರ, ಪ್ರಾಣಿ, ಹಳ್ಳಿಗಳಿಗೆ ಇರುವಂತೆ ಹೀಗೆ ಕಾಲಿನಿಂದ ಸವೆದ ದಾರಿಗೂ ಒಂದು ಸಾಲು ಇರಲಿ ಎಂದು ಮನಸ್ಸು ಬೇಡುತ್ತದೆ.

ದಾಟಿದ ಮೇಲೆ ಎಲ್ಲರಿಗೂ ಹೊರಡುವ ಆತುರ. ಮಾವ ಮಾತ್ರ ನಮ್ಮನ್ನು ಬಂಡೆಯ ಮೇಲೆ ಕೂರಿಸಿದರು. ಟವೆಲಿನ ಒಣಗಿದ ತುದಿಯಿಂದ ಪ್ರತಿ ಬೆರಳಿನ ಸಂದನ್ನೂ ಒರೆಸಿಕೊಳ್ಳಬೇಕು. ಒರೆಸಿ ಹಾಗೆಯೇ ಕಾಲು ಚಾಚಿ ಬಿಸಿಲು ಕಾಯಿಸಬೇಕು. ಹಿಮ್ಮಡಿಯ ಸುಕ್ಕು ಹೋಗಿ ಚರ್ಮ ಬಿಗಿಯಾಗುವವರೆಗೆ ಕಾಲ್ಚೀಲ ಮುಟ್ಟುವ ಹಾಗಿಲ್ಲ. ಹೆಚ್ಚು ಕಡಿಮೆ ಇಪ್ಪತ್ತು ನಿಮಿಷ ಹಾಗೇ ಕೂತೆವು. ನೆನೆದ ಚರ್ಮ ಮೆತ್ತಗಾಗಿರುತ್ತದೆ. ಮೆತ್ತಗಾದದ್ದು ಚಪ್ಪಲಿಗೋ ಶೂಗೋ ಉಜ್ಜಿದರೆ ಮೇಲಿನ ಪದರ ಒಳಗಿನದರಿಂದ ಬಿಟ್ಟುಕೊಳ್ಳುತ್ತದೆ, ನಡುವೆ ನೀರು ತುಂಬಿ ಬೊಬ್ಬೆ ಏಳುತ್ತದೆ. ಹೊಳೆಯಲ್ಲಿ ಉಳಿಸಿದ ಇಪ್ಪತ್ತು ನಿಮಿಷವನ್ನು ಸಂಜೆಯ ಹೊತ್ತಿಗೆ ಎರಡು ಗಂಟೆಯಾಗಿ ತೆರಬೇಕಾಗುತ್ತದೆ. ಒಣಗಿದ ಮೇಲೆ ಅಂಗಾಲಿಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿಕೊಂಡೆವು. ನಮ್ಮ ಎದುರೇ ಮಾಗಡಿಯ ಹುಡುಗರ ಗುಂಪೊಂದು ತೊಟ್ಟಿಕ್ಕುವ ಶೂಗಳಲ್ಲೇ "ಉಘೇ ಮಾದಪ್ಪ" ಎಂದು ಕೂಗುತ್ತಾ ಮುಂದೆ ಹೋಯಿತು. ಅವರಲ್ಲೊಬ್ಬ ಹಸಿರು ಟೀ ಶರ್ಟಿನ ಹುಡುಗ ನನ್ನ ಕಡೆ ಕೈ ಬೀಸಿ ಹೋದ.

ಈಗ ನಾವು ನಿಂತಿದ್ದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ನೆಲ. ಹೊಳೆಯ ಎರಡೂ ದಡದ ಕಾಡು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದೆ. ದಂಡೆಯ ಹೊಳೆಮತ್ತಿಗಳ ಮೇಲೆ ನರೆಗೂದಲಿನ ಬೆಟ್ಟದಳಿಲು ಓಡಾಡುತ್ತದೆ. ಕರ್ನಾಟಕದಲ್ಲಿ ಅದರ ನೆಲೆ ಈ ಹೊಳೆದಂಡೆಯ ಕಾಡು. ನೀರಿನೊಳಗೆ ಕಾವೇರಿಯ ಬೆನ್ನುಬ್ಬಿದ ಮಶೀರ್ ಮೀನಿದೆ. ವಿಜ್ಞಾನಿಗಳು ಅದರ ಸರಿಯಾದ ಹೆಸರು ಯಾವುದೆಂದು ಖಚಿತ ಮಾಡಿದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಾಗಿತ್ತು.

ದಂಡೆ ಬಿಟ್ಟು ನೂರು ಹೆಜ್ಜೆ ಮೇಲೆ ಹತ್ತಿದರೆ ಹಸಿರು ನಿಂತುಹೋಗುತ್ತದೆ. ಶಿವರಾತ್ರಿಯ ಹೊತ್ತಿಗೆ ಈ ಕುರುಚಲು ಕಾಡು ಎಲೆ ಉದುರಿಸಿ ಬೋಳಾಗಿರುತ್ತದೆ. ದಿಂಡಿಗ, ಕಮರ, ಕಗ್ಗಲಿ, ಎಲಚಿ, ಎಲ್ಲೆಲ್ಲೂ ಲಂಟಾನ. ಮುತ್ತುಗದ ಮರಗಳು ಮಾತ್ರ ಕೆಂಡದಂತೆ ಹೂ ಹೊತ್ತು ನಿಂತಿದ್ದವು. ನಮ್ಮ ಜೊತೆ ಸೇರಿಕೊಂಡಿದ್ದ ಚನ್ನಪಟ್ಟಣದ ಬೊಂಬೆ ಕೆಲಸದ ಅಣ್ಣ ಒಂದು ಸಣ್ಣ ಮರದ ಮುಂದೆ ನಿಂತು, ಉಗುರಿನಿಂದ ತೊಗಟೆಯನ್ನು ಸ್ವಲ್ಪವೇ ಗೀರಿದರು. ಬಿಳಿ ಹಾಲು ಸುರಿಯಿತು. "ಆಲೆ ಮರ. ನಮ್ ಅನ್ನ ಇದು" ಅಂದರು. ಚನ್ನಪಟ್ಟಣದ ಬೊಂಬೆಗಳನ್ನು ಕಡೆಯುವುದು ಈ ಮರದಿಂದಲೇ. ನಾರು ಎಷ್ಟು ನಯವೆಂದರೆ ಲೇತಿನ ಮೇಲೆ ಅರಗಿನ ಬಣ್ಣ ಹಿಡಿದರೆ ಕನ್ನಡಿಯಂತೆ ಕೂರುತ್ತದೆ. ಅವರು ಗೀರಿದ ಜಾಗಕ್ಕೆ ಹೆಬ್ಬೆರಳಿನಿಂದ ಮಣ್ಣು ಒತ್ತಿ ಮುಚ್ಚಿ ಮುಂದೆ ನಡೆದರು.

ಅವರದು ಸಾತನೂರು, ಕಬ್ಬಾಳು ಮಾರ್ಗ. ಕಬ್ಬಾಳಮ್ಮನಿಗೆ ಕೈಮುಗಿದು ಬಂದಿದ್ದರು. ಕಬ್ಬಾಳಿನ ಹೆಸರು ಬಂದಾಗಲೆಲ್ಲ ನನಗೆ ಅಲ್ಲಿನ ಒಂದು ಕಲ್ಲುಗಣಿಯ ನೆನಪು. ಭೂವಿಜ್ಞಾನ ಓದುವವರಿಗೆ ಆ ಗಣಿ ಲೋಕಪ್ರಸಿದ್ಧ, ನಮ್ಮ ಜಿಲ್ಲೆಯವರಿಗೇ ಹೆಚ್ಚು ತಿಳಿಯದು.

ಅದು ಯಾಕೆಂದು ತಿಳಿಯಲು ಮೊದಲು ಸುತ್ತಿನ ಬೆಟ್ಟಗಳ ಕಲ್ಲನ್ನು ನೋಡಬೇಕು. ರಾಮನಗರ, ಮಾಗಡಿಗಳ ಗುಂಡುಬೆಟ್ಟಗಳ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ಟಿಪ್ಪುವಿನ ನಂತರ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ನೆನಪಿಗೆ ಇಟ್ಟದ್ದು. ಊರು ಹೆಸರು ಬದಲಿಸಿಕೊಂಡರೂ ಕಲ್ಲು ಅದನ್ನೇ ಉಳಿಸಿಕೊಂಡಿದೆ. ಸುಮಾರು 250 ಕೋಟಿ ವರ್ಷದ ಹಿಂದೆ ಕರಗಿದ ಶಿಲೆ ಮೇಲೇರಿ ತಣಿದು ಆದ ಈ ಗ್ರಾನೈಟು ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದದ ಪಟ್ಟಿಯಾಗಿ ಹಬ್ಬಿದೆ. ಕರ್ನಾಟಕದ ಈ ಭೂಚಿಪ್ಪು ದಕ್ಷಿಣದ ಕಡೆ ಎತ್ತಿಕೊಂಡಿದೆ, ಎತ್ತಿದ ಭಾಗದ ಮೇಲುಹೊದಿಕೆ ಸವೆದುಹೋಗಿದೆ. ಆದ್ದರಿಂದ ಉತ್ತರದಿಂದ ದಕ್ಷಿಣಕ್ಕೆ ಹೋದಂತೆಲ್ಲ, ಒಂದು ಕಾಲಕ್ಕೆ ಹೆಚ್ಚು ಹೆಚ್ಚು ಆಳದಲ್ಲಿದ್ದ ಕಲ್ಲು ಕಾಲಕೆಳಗೆ ಸಿಗುತ್ತದೆ.

ಕಬ್ಬಾಳಿನಲ್ಲಿ ಏನಾಗಿದೆಯೆಂದರೆ, ಬೂದು ಬಣ್ಣದ ಪಟ್ಟೆಗಲ್ಲಿನ ನಡುನಡುವೆ ಎಣ್ಣೆ ಜಿಡ್ಡಿನಂಥ ಕಂದು ಹಸಿರಿನ ಮಚ್ಚೆಗಳಿವೆ. ಆ ಮಚ್ಚೆಯ ಕಲ್ಲು ಚಾರ್ನೊಕೈಟ್. ಕೋಲ್ಕತ್ತದಲ್ಲಿ ಜಾಬ್ ಚಾರ್ನಾಕ್ ಎಂಬಾತನ ಸಮಾಧಿಗೆ ಹಾಕಿದ ಕಲ್ಲಿನಿಂದ ಬಂದ ಹೆಸರು ಅದು. ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದು, ಒಂದು ಜಾತಿಯ ಕಲ್ಲು ಇನ್ನೊಂದು ಜಾತಿಯಾಗುತ್ತಾ ಅರ್ಧದಲ್ಲೇ ನಿಂತದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ ಎಂದು ತೋರಿಸಿದರು. ಭೂಮಿಯೊಳಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಆಳ, ಏಳುನೂರು ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕ ಕಾವು. ಅಲ್ಲಿ ಇಂಗಾಲದ ಡೈಆಕ್ಸೈಡ್ ಕಲ್ಲಿನ ಬಿರುಕುಗಳಲ್ಲಿ ಹರಿದು, ಖನಿಜಗಳೊಳಗಿನ ನೀರಿನಂಶವನ್ನು ಹೊರಗಟ್ಟಿದಾಗ ಈ ಬದಲಾವಣೆ ಆಗುತ್ತದೆ ಎಂಬುದು ಹಲವರು ಒಪ್ಪಿರುವ ವಿವರಣೆ. ಹಂಚಿನ ಮೇಲಿನ ರೊಟ್ಟಿ ಅಲ್ಲಲ್ಲಿ ಬೆಂದು ಅಲ್ಲಲ್ಲಿ ಹಸಿಯಾಗಿದ್ದಾಗಲೇ ಒಲೆ ಆರಿದಂತೆ. ಇನ್ನೂ ದಕ್ಷಿಣದ ಬಿಳಿಗಿರಿರಂಗನ ಬೆಟ್ಟದ ಕಡೆ ಹೋದರೆ ಪೂರ್ತಿ ಬೆಂದ ಚಾರ್ನೊಕೈಟೇ ಸಿಗುತ್ತದೆ.

ನಮ್ಮ ಕಾಲುದಾರಿಯೂ ಉತ್ತರದಿಂದ ದಕ್ಷಿಣಕ್ಕೇ. ಮಾಗಡಿಯಿಂದ ಹೊರಟವನು ಮಾದಪ್ಪನ ಎತ್ತರಕ್ಕೆ ಹತ್ತುತ್ತಿರುವಾಗಲೇ ಭೂಮಿಯ ಹಳೆಯ ಆಳಕ್ಕೂ ಇಳಿಯುತ್ತಿರುತ್ತಾನೆ. ಬೊಂಬೆ ಕೆಲಸದ ಅಣ್ಣನಿಗೆ ಇದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನೆ ನಡೆದು, "ಅಂಗಾದ್ರೆ ಕಬ್ಬಾಳಮ್ಮ ನಡುಮನೆ, ಮಾದಪ್ಪ ಒಳಮನೆ" ಅಂದರು.

ಒಂಬತ್ತು ಗಂಟೆಗೇ ಬಿಸಿಲು ಚುರುಗುಟ್ಟತೊಡಗಿತು. ಇಂಥ ಬಿಸಿಲಿನಲ್ಲಿ ರಾತ್ರಿ ನಡೆದು ಹಗಲು ಮಲಗುವುದು ಜಾಣತನವಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಮೊದಲ ದಿನ ಊರ ರಸ್ತೆಯಲ್ಲಿ ನಾವು ಹಾಗೆಯೇ ಮಾಡಿದ್ದೆವು. ಕಾಡಿನಲ್ಲಿ ಅದು ನಡೆಯದು, ಅರಣ್ಯ ಇಲಾಖೆಯವರೂ ಕತ್ತಲಲ್ಲಿ ಬಿಡುವುದಿಲ್ಲ. ಬೇಸಿಗೆಯಲ್ಲಿ ಹಳ್ಳ, ಕಟ್ಟೆಗಳು ಬತ್ತಿದ ಮೇಲೆ ಈ ಬೆಟ್ಟಗಳ ಆನೆಗಳಿಗೆ ಉಳಿಯುವ ದೊಡ್ಡ ನೀರು ಕಾವೇರಿ. ಅವು ಬೆಟ್ಟದಿಂದ ಹೊಳೆಗೆ ಇಳಿಯುವುದು ತಂಪು ಹೊತ್ತಿನಲ್ಲಿ. ನಾವು ಹೊಳೆಯಿಂದ ಬೆಟ್ಟಕ್ಕೆ ಹತ್ತುವುದೂ ಅದೇ ದಿಣ್ಣೆ, ಅದೇ ಹಳ್ಳದ ಜಾಡು. ದಾರಿ ಒಂದೇ, ಆದ್ದರಿಂದ ಹೊತ್ತು ಹಂಚಿಕೊಳ್ಳಬೇಕು. ತಂಪು ಅವುಗಳದ್ದು, ಬಿಸಿಲು ನಮ್ಮದು. ದಾರಿಯಲ್ಲಿ ಲದ್ದಿ ಕಂಡಾಗಲೆಲ್ಲ ಮಾವ ಬಾಗಿ ಅಂಗೈ ಹಿಂಬದಿಯನ್ನು ಹತ್ತಿರ ಹಿಡಿಯುತ್ತಿದ್ದರು. ಒಣಗಿ ಹೊಟ್ಟಿನಂತಿದ್ದರೆ ಮಾತಿಲ್ಲ. ಒಂದು ಕಡೆ ಇನ್ನೂ ಹಸಿಯಾಗಿತ್ತು, ನೊಣ ಮುತ್ತುತ್ತಿದ್ದವು. ಮಾವ ಕೈ ಎತ್ತಿದರು. ಹಾಡು ನಿಂತಿತು. ಹದಿನಾಲ್ಕು ಜನ ಹತ್ತು ನಿಮಿಷ ಉಸಿರು ಬಿಗಿಹಿಡಿದು ನಿಂತೆವು. ಮೇಲಿನ ಬಿದಿರು ಮೆಳೆಯಲ್ಲಿ ಲಟಕ್ಕೆಂದು ಒಂದು ಗಳ ಮುರಿದ ಸದ್ದು, ಆಮೇಲೆ ಏನೂ ಇಲ್ಲ. ಮತ್ತೆ ನಡೆದೆವು.

ನಡಿಗೆಯ ಕ್ರಮವನ್ನೂ ಹೇಳಬೇಕು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ. ನಮ್ಮಲ್ಲಿ ಅದು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಬರಿಗಾಲು, ಹೆಗಲಿಗೆ ಹಳೇ ಸೀರೆಯಲ್ಲಿ ಹೊಲಿದ ಚೀಲ. ಎಲ್ಲರಿಗಿಂತ ಚುರುಕಾದವರು ಕೊನೆಗೆ. ನಿಧಾನದವರು ಹಿಂದೆ ಇದ್ದರೆ ಮುಂದಿನವರು ನಿಂತು ಕಾಯುತ್ತಾರೆ, ಅವರು ಬಂದು ಸೇರಿದ ಕೂಡಲೇ ಹೊರಡುತ್ತಾರೆ. ವಿಶ್ರಾಂತಿ ಬೇಕಾದವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಅಜ್ಜಿ ಮುಂದಿದ್ದರೆ ಆ ತಾಪತ್ರಯ ಇಲ್ಲ. ಏರಿನಲ್ಲಿ ಅಜ್ಜಿ "ಉಘೇ" ಅಂದರೆ ಎಲ್ಲರೂ "ಉಘೇ" ಅನ್ನಬೇಕು. ಯಾರ ದನಿ ಅರ್ಧಕ್ಕೆ ತುಂಡಾಗುತ್ತದೋ ಅವರ ಉಸಿರು ಮಿತಿ ಮೀರಿದೆ ಎಂದರ್ಥ, ಹೆಜ್ಜೆ ತಗ್ಗಿಸಬೇಕು. ಮಾತಾಡಲಾಗದಷ್ಟು ಏದುಸಿರು ಬಂದರೆ ಶ್ರಮ ಹೆಚ್ಚಾಗಿದೆ ಎಂದು ವ್ಯಾಯಾಮದ ತಜ್ಞರೂ ಇದೇ ಪರೀಕ್ಷೆ ಹೇಳುತ್ತಾರೆ.

ಆ ಅಜ್ಜಿಯ ಚೀಲ ನೋಡುತ್ತಾ ನನಗೆ ನೆನಪಾದದ್ದು ಅಮೆರಿಕದ ಎಮಾ ಗೇಟ್‌ವುಡ್. ಅಲ್ಲಿನ ಅಪಲೇಚಿಯನ್ ಬೆಟ್ಟದಾರಿ ಸುಮಾರು 3,500 ಕಿಲೋಮೀಟರ್ ಉದ್ದ. ಹನ್ನೊಂದು ಮಕ್ಕಳ ತಾಯಿ ಎಮಾ 1955ರಲ್ಲಿ, ತನ್ನ 67ನೇ ವಯಸ್ಸಿನಲ್ಲಿ ಅದನ್ನು ಒಬ್ಬಳೇ ನಡೆದು ಮುಗಿಸಿದಳು. ಒಂದೇ ಸಲಕ್ಕೆ ಒಂಟಿಯಾಗಿ ಪೂರ್ತಿ ನಡೆದ ಮೊದಲ ಹೆಂಗಸು ಆಕೆ. ಬೆನ್ನಿಗೆ ಡೇರೆ ಇರಲಿಲ್ಲ, ಸ್ಲೀಪಿಂಗ್ ಬ್ಯಾಗು ಇರಲಿಲ್ಲ. ಕಾಲಿಗೆ ಸಾದಾ ಕ್ಯಾನ್ವಾಸ್ ಶೂ, ಹೆಗಲಿಗೆ ತಾನೇ ಹೊಲಿದ ಬಟ್ಟೆ ಚೀಲ, ಮಳೆಗೆ ಬಚ್ಚಲಮನೆಯ ಪರದೆ. ದಾರಿಯ ಮನೆಗಳವರು ಎಷ್ಟೋ ಕಡೆ ಉಣ್ಣಲು, ಮಲಗಲು ಕೊಟ್ಟರು. ಹಗುರ ಚೀಲದ ನಡಿಗೆಯ ಬಗ್ಗೆ ಇಂದು ಬರೆಯುವವರೆಲ್ಲ ಆಕೆಯ ಹೆಸರು ಹೇಳುತ್ತಾರೆ. ನಮ್ಮ ಅಜ್ಜಿಯ ಚೀಲದಲ್ಲಿದ್ದದ್ದು ಒಂದು ಸೀರೆ, ವಿಭೂತಿ, ಮಾದಪ್ಪನಿಗೆ ಸಾಂಬ್ರಾಣಿ, ಮತ್ತು ಗುಂಪಿಗೆಲ್ಲ ಆಗುವಷ್ಟು ಉಪ್ಪು.

ಉಪ್ಪು ಯಾಕೆಂದು ಮಧ್ಯಾಹ್ನದ ಅರವಟ್ಟಿಗೆಯಲ್ಲಿ ತಿಳಿಯಿತು. ಶಿವರಾತ್ರಿಯ ದಿನಗಳಲ್ಲಿ ದಾರಿಯುದ್ದಕ್ಕೂ ಊರಿನವರು, ಹರಕೆ ಹೊತ್ತವರು ಟ್ರ್ಯಾಕ್ಟರಿನಲ್ಲಿ ಡ್ರಮ್ಮುಗಟ್ಟಲೆ ನೀರು, ಮಜ್ಜಿಗೆ, ಪಾನಕ, ಅನ್ನ ತಂದು ಕಾಯುತ್ತಾರೆ. ನನ್ನ ಮೂರು ಬಾಟಲಿಗಳನ್ನು ಮಾವ ಒಂದಕ್ಕೆ ಇಳಿಸಿದ್ದು ಅದೇ ಭರವಸೆಯಲ್ಲಿ. ಇಂಥ ಬಿಸಿಲಲ್ಲಿ ಏರು ಹತ್ತುವವನು ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಬೆವರುತ್ತಾನೆ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬರಿ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದ ಉಪ್ಪು ತೆಳುವಾಗಿ ತಲೆಸುತ್ತು, ವಾಂತಿ ಬರುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಅಜ್ಜಿ ಎಲ್ಲರ ಲೋಟದ ಮಜ್ಜಿಗೆಗೂ ಒಂದೊಂದು ಚಿಟಿಕೆ ಹಾಕುತ್ತಾ ಬಂದರು. ಅದೇ ಮಜ್ಜಿಗೆಯಲ್ಲಿ ಹುರಿಹಿಟ್ಟು ಕಲಸಿ ತಿಂದೆವು. ಹುರಿಹಿಟ್ಟು ಬೇಯಿಸಬೇಕಿಲ್ಲ, ಹಳಸುವುದಿಲ್ಲ, ಎರಡು ಹಿಡಿ ತಿಂದರೆ ಮೂರು ಗಂಟೆ ಹೊಟ್ಟೆ ಕೇಳುವುದಿಲ್ಲ. ಸುತ್ತೂರಿನ ಮಠದಲ್ಲಿ ಮಾದಪ್ಪನಿಗೆ ಸಿಕ್ಕಿದ ಕೆಲಸ ರಾಗಿ ಬೀಸುವುದು ಎಂದು ದೇವರಗುಡ್ಡರು ಹಾಡುತ್ತಾರೆ. ಉತ್ತರ ದೇಶದಿಂದ ನಡೆದು ಬಂದು ಏಳುಮಲೆ ಸೇರಿದ ದೇವರ ಕಥೆ ಅದು. ರಾತ್ರಿಗಟ್ಟಲೆ ಹಾಡಿದರೂ ಮುಗಿಯದ ಈ ಕಾವ್ಯವನ್ನು ಪಿ.ಕೆ. ರಾಜಶೇಖರ ಅವರಂಥ ಜಾನಪದ ವಿದ್ವಾಂಸರು ಸಂಗ್ರಹಿಸಿ ಪುಸ್ತಕ ಮಾಡಿದ್ದಾರೆ. ಅಂದು ಹುಣಸೆ ಮರದ ನೆರಳಲ್ಲಿ ಒಬ್ಬ ಗುಡ್ಡಪ್ಪ ಕಂಸಾಳೆ ಹಿಡಿದು ಸಂಕಮ್ಮನ ಸಾಲು ಎತ್ತಿಕೊಂಡರು. ಗಂಡನ ಅನುಮಾನಕ್ಕೆ ಸಿಕ್ಕಿ ಕಾಡಿನಲ್ಲಿ ಒಂಟಿಯಾಗಿ ಉಳಿದ ಹೆಣ್ಣಿನ ಕಥೆ. ಸುತ್ತ ಅದೇ ಕಾಡು. ನಮ್ಮ ಗುಂಪಿನ ಐದೂ ಹೆಂಗಸರು ಊಟದ ತಟ್ಟೆ ಕೆಳಗಿಟ್ಟು ಕೇಳುತ್ತಿದ್ದರು.

ಎದ್ದು ಹೊರಡುವಾಗ ಮರದ ಸುತ್ತ ನೋಡಿದೆ. ಪ್ಲಾಸ್ಟಿಕ್ ಲೋಟ, ಹಾಳೆ ಅಂಟಿಸಿದ ತಟ್ಟೆ, ಪಾನಕದ ಪ್ಯಾಕೆಟ್ಟುಗಳು ಹಳ್ಳದವರೆಗೆ ಹರಡಿದ್ದವು. ಕೊಟ್ಟವರ ಕೈ ದೊಡ್ಡದು, ಇಸಿದುಕೊಂಡವರಿಗೆ ಹಸಿವಿತ್ತು, ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಅನ್ನದ ರುಚಿ, ಉಪ್ಪಿನ ವಾಸನೆ ಅಂಟಿದ ಪ್ಲಾಸ್ಟಿಕ್ಕನ್ನು ಜಿಂಕೆ, ಆನೆಗಳು ತಿನ್ನುತ್ತವೆ. ಹೊಟ್ಟೆಗೆ ಹೋದದ್ದು ಕರಗುವುದಿಲ್ಲ. ಮಾದಪ್ಪನ ವಾಹನ ಹುಲಿ. ಆ ಹುಲಿಯ ಮನೆಯೊಳಗೆ ಹರಕೆ ಹೊತ್ತು ಬಂದವರು ಹೀಗೆ ಬಿಟ್ಟುಹೋಗುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಮಾವ ಹಳ್ಳದ ಮರಳಿನಲ್ಲಿ ಉಜ್ಜಿ, ಒಂದು ತಂಬಿಗೆ ನೀರಿನಲ್ಲಿ ಹದಿನಾಲ್ಕು ತಟ್ಟೆ ತೊಳೆದರು. ನನ್ನ ಲೋಟವನ್ನು ಬ್ಯಾಗಿನ ಪಟ್ಟಿಗೆ ಕಟ್ಟುತ್ತಾ, "ನೋಡ್ದಾ?" ಎಂದಷ್ಟೇ ಅಂದರು.

ಮಧ್ಯಾಹ್ನದ ಮೇಲಿನದು ಬರಿ ನಡಿಗೆ. ದಿಣ್ಣೆ, ಇಳಿಜಾರು, ಮತ್ತೆ ದಿಣ್ಣೆ. ಹೇಳುವಂಥದ್ದು ಏನೂ ನಡೆಯಲಿಲ್ಲ. ನಾಲ್ಕು ಗಂಟೆಯ ನಂತರ ಯಾರೂ ಮಾತಾಡಲಿಲ್ಲ, ಕೋಲಿನ ಸದ್ದು ಮಾತ್ರ. ಹೊತ್ತು ಮುಳುಗುವ ಮುಂಚೆ ಕಾಡಿನ ಅಂಚಿನಲ್ಲಿ ದನದ ಗಂಟೆ ಕೇಳಿಸಿತು. ಜೋಳದ ಕೂಳೆಯ ಹೊಲಗಳು, ಒಲೆಯ ಹೊಗೆ, ಕಡೆಗೆ ಶಾಗ್ಯ. ಇಲ್ಲಿಂದ ಮುಂದೆ ಊರುಗಳ ದಾರಿ. ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಹೋದರೆ ಅಲ್ಲಿಂದ ಕೊನೆಯ ಏರು.

ಊಟಕ್ಕೆ ಬಿಸಿ ಅನ್ನ, ಹುರುಳಿಕಾಳಿನ ಸಾರು. ಉಂಡು ಜಮಖಾನ ಹಾಸುತ್ತಿದ್ದಾಗ ಕುಂಟುತ್ತಾ ಬಂದವನು ಅದೇ ಹಸಿರು ಟೀ ಶರ್ಟಿನ ಹುಡುಗ. ಅವನ ಗುಂಪು ಮುಂದಕ್ಕೆ ಹೋಗಿತ್ತು. ಎರಡೂ ಹಿಮ್ಮಡಿಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಬೊಬ್ಬೆ. ಮಾವ ಏನೂ ಕೇಳದೆ ಅಂಗಿಯ ಕಾಲರ್ ತಿರುಗಿಸಿದರು. ಅದರ ಒಳಮಗ್ಗುಲಿಗೆ ಒಂದು ಸೂಜಿ ಚುಚ್ಚಿತ್ತು, ಬಿಳಿ ನೂಲು ಸುತ್ತಿತ್ತು. ಸೂಜಿಯನ್ನೂ ನೂಲನ್ನೂ ಕುದಿಯುವ ನೀರಿನ ಲೋಟದಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಕೈ ತೊಳೆಸಿ, ನನ್ನ ಕೈಗೆ ಕೊಟ್ಟರು. "ನನ್ಗೆ ಕತ್ಲಲ್ಲಿ ಕಣ್ ಕಾಣಕಿಲ್ಲ. ನೀನೇ ಮಾಡು."

ಬೊಬ್ಬೆಯ ಬುಡದಲ್ಲಿ, ಗಟ್ಟಿ ಚರ್ಮಕ್ಕೆ ತಾಗದಂತೆ, ಒಂದು ಕಡೆಯಿಂದ ಚುಚ್ಚಿ ಇನ್ನೊಂದು ಕಡೆಗೆ ತೆಗೆಯಬೇಕು. ಮೇಲಿನ ಚರ್ಮ ಕೀಳಬಾರದು, ಒಳಗಿನ ಎಳೆಯ ಚರ್ಮಕ್ಕೆ ಅದೇ ಹೊದಿಕೆ. ನೂಲನ್ನು ಎರಡೂ ಕಡೆ ಬೆರಳಗಲ ಬಿಟ್ಟು ಕತ್ತರಿಸಿದರೆ ರಾತ್ರಿಯೆಲ್ಲ ನೀರು ಅದರ ಗುಂಟ ಬಸಿದುಹೋಗುತ್ತದೆ, ಬೆಳಗ್ಗೆ ನೂಲು ಎಳೆದುಹಾಕಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಮಾತ್ರ ಇದನ್ನು ಮಾಡಲೇಬಾರದು, ಡಾಕ್ಟರೇ ನೋಡಬೇಕು. ಮಾವ ಅದನ್ನೂ ಮೊದಲೇ ಕೇಳಿಸಿದರು. ಹುಡುಗ ಹಲ್ಲು ಕಚ್ಚಿ ಕೂತ. ಪವರ್ ಬ್ಯಾಂಕಿಗೆ ಹಾಕಿದ ಅವನ ಫೋನಿಗೆ ಜೀವ ಬಂದ ಕೂಡಲೇ ಮಾಗಡಿಗೆ ಫೋನ್ ಮಾಡಿ, "ಅವ್ವಾ, ಜೊತೇಲಿ ಜನ ಅವ್ರೆ" ಅಂದ.

ಜಮಖಾನದ ಮೇಲೆ ಮೂರನೆಯವನಾಗಿ ಅವನು ಮಲಗಿದ. ನಾನು ಸೂಜಿಯನ್ನು ಮತ್ತೆ ಬಿಸಿನೀರಿಗೆ ಅದ್ದಿ, ಒರೆಸಿ, ಮಾವನ ಕಡೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ನನ್ನ ಕಾಲರ್ ತಿರುಗಿಸಿ, ತಡವರಿಸುತ್ತಾ, ಅಲ್ಲೇ ಚುಚ್ಚಿದರು.